ಮೂವತ್ತೈದನೆಯ ಪ್ರತಿಕಾಯ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ನನಗೆ ಬಿಟ್ಟುಕೊಟ್ಟರು. ನಾನು ಆರಿಸಿಕೊಂಡದ್ದು ಒಂದು ಸಣ್ಣ ಪ್ಲಾಸ್ಟಿಕ್ ಸೀಸೆಯನ್ನು. ಕಿರುಬೆರಳಿನ ಮೇಲಿನ ಎರಡು ಗೆಣ್ಣಿನಷ್ಟು ಉದ್ದ, ಒಳಗೆ ಕೆಲವೇ ಹನಿ ದ್ರವ. ಬಣ್ಣವಿಲ್ಲ, ವಾಸನೆಯಿಲ್ಲ, ನೋಡಿದರೆ ನೀರು. ಪ್ರಯೋಗಾಲಯದ ಫ್ರೀಜರಿನಲ್ಲಿ ಇಂಥವು ನೂರಾರು ಇರುತ್ತವೆ. ನಾನು ಹೇಳುತ್ತಿರುವ ಸೀಸೆಯ ಮೇಲೆ ‘ಮ್ಯಾಬ್ 35’ ಎಂದು ಬರೆದಿರುತ್ತದೆ. ಮ್ಯಾಬ್ ಎಂದರೆ ಮೊನೊಕ್ಲೋನಲ್ ಆಂಟಿಬಾಡಿ, ಒಂದೇ ಕೋಶದ ಸಂತತಿಯಿಂದ ಬಂದ ಪ್ರತಿಕಾಯ. ನರ ಬಂದು ಸ್ನಾಯುವನ್ನು ಮುಟ್ಟುವ ಜಾಗದಲ್ಲಿ ಒಂದು ಗ್ರಾಹಕ ಪ್ರೋಟೀನು ಇದೆ. ಅದನ್ನು ಹುಡುಕಿ ಹಿಡಿದುಕೊಳ್ಳುವುದು ಈ ಪ್ರತಿಕಾಯದ ಕೆಲಸ. ಇದರ ಬಗ್ಗೆ ಒಂದು ಗಂಟೆ ಮಾತಾಡಲು ಏನಿದೆ ಎಂದು ನಿಮಗೆ ಅನ್ನಿಸಬಹುದು. ನನ್ನ ಮಟ್ಟಿಗೆ ಆ ಸೀಸೆಯ ಕಥೆ ಶುರುವಾಗುವುದು ಪ್ರಯೋಗಾಲಯದಲ್ಲಿ ಅಲ್ಲ, ನಮ್ಮ ಅಡುಗೆಮನೆಯಲ್ಲಿ.

ನಮ್ಮ ದೊಡ್ಡಮ್ಮ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದರು. ಕೊಟ್ಟಿಗೆ ಕೆಲಸ, ಬಾವಿಯ ನೀರು, ಒಲೆ, ಯಾವುದಕ್ಕೂ ಬೇಸರವಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಅವರ ರೆಪ್ಪೆಗಳು ಇಳಿದುಬಿಡುತ್ತಿದ್ದವು. ಮೊದಲು ಎಡಗಣ್ಣು, ಆಮೇಲೆ ಬಲ. ತಲೆ ಬಾಚಿಕೊಳ್ಳಲು ಎತ್ತಿದ ಕೈ ಅರ್ಧಕ್ಕೇ ಕೆಳಗೆ ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ನಾಲ್ಕು ತುತ್ತು ಚೆನ್ನಾಗಿ ಅಗಿದು, ಐದನೆಯದಕ್ಕೆ ಎಡಗೈಯಿಂದ ಗಲ್ಲ ಹಿಡಿದುಕೊಳ್ಳುತ್ತಿದ್ದರು. ‘ದೊಡ್ಡಮ್ಮ, ನಿದ್ದೆ ಬಂತಾ?’ ಎಂದು ನಾನು ಕೇಳಿದರೆ, ‘ನಿದ್ದೆ ಅಲ್ಲ ಮಗಾ, ಕಣ್ಣೇ ಏಳ್ತಿಲ್ಲ’ ಎನ್ನುತ್ತಿದ್ದರು. ಮನೆಯವರು ರಕ್ತ ಕಡಿಮೆ ಅಂದರು, ದೃಷ್ಟಿ ಅಂದರು, ಕೆಲವರು ಸಂಜೆಯ ಕೆಲಸ ತಪ್ಪಿಸಿಕೊಳ್ಳುವ ಉಪಾಯ ಅಂತಲೂ ಅಂದರು. ಆ ಕೊನೆಯ ಮಾತು ಅವರ ಕಿವಿಗೂ ಬಿದ್ದಿತ್ತು. ನನಗೆ ಇವತ್ತಿಗೂ ನೋವಾಗುವುದು ಅದಕ್ಕೆ.

1978ರಲ್ಲಿ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು. ವೈದ್ಯರು ಅವರ ಕೈಯನ್ನು ಮುಂದೆ ಚಾಚಿಸಿ ಎಷ್ಟು ಹೊತ್ತು ಹಿಡಿಯುತ್ತಾರೆಂದು ನೋಡಿದರು, ಮೇಲೆ ನೋಡುತ್ತಲೇ ಇರಿ ಎಂದರು, ಒಂದರಿಂದ ಐವತ್ತರವರೆಗೆ ಎಣಿಸಿ ಎಂದರು. ಮೂವತ್ತರ ಹತ್ತಿರ ದನಿ ಮೂಗಿಗೆ ಹೋಯಿತು. ನಿಯೋಸ್ಟಿಗ್ಮಿನ್ ಎಂಬ ಸೂಜಿಮದ್ದು ಕೊಟ್ಟರು. ಅರ್ಧ ಗಂಟೆಯೊಳಗೆ ದೊಡ್ಡಮ್ಮನ ಎರಡೂ ಕಣ್ಣು ಪೂರ್ತಿ ತೆರೆದುಕೊಂಡವು. ಅವರು ಮಾತಾಡಲಿಲ್ಲ, ಕೋಣೆಯನ್ನು ಸುಮ್ಮನೆ ಸುತ್ತ ನೋಡಿದರು. ‘ನರ ಹೇಳ್ತಾ ಇದೆ, ಸ್ನಾಯುವಿಗೆ ಕೇಳಿಸ್ತಾ ಇಲ್ಲ’ ಎಂದು ವೈದ್ಯರು ನಮ್ಮ ತಂದೆಗೆ ತಿಳಿಸಿ ಹೇಳಿದರು. ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ನಾನು ಮುಂದೆ ಜೀವರಸಾಯನಶಾಸ್ತ್ರ ಓದಿದ್ದಕ್ಕೂ ಸ್ನಾಯುವಿನ ಹಿಂದೆ ಬಿದ್ದದ್ದಕ್ಕೂ ಆ ಅರ್ಧ ಗಂಟೆಯೇ ಕಾರಣ.

ಯಾಕೆ ಕೇಳಿಸುವುದಿಲ್ಲ? ನರದ ತುದಿಗೂ ಸ್ನಾಯುವಿನ ಮೇಲ್ಮೈಗೂ ನಡುವೆ ಒಂದು ಸಂದು ಇದೆ. ಅದರ ಅಗಲ ಸುಮಾರು 50 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಇಪ್ಪತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ನರದಲ್ಲಿ ಸಂಕೇತ ಬಂದಾಗ ತುದಿಯಲ್ಲಿರುವ ಪುಟ್ಟ ಕೋಶಿಕೆಗಳು ಒಡೆದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಚೆಲ್ಲುತ್ತವೆ. ಒಂದೊಂದು ಕೋಶಿಕೆಯಲ್ಲಿ ಸಾವಿರಾರು ಅಣುಗಳು. ಆಚೆ ದಡದಲ್ಲಿ, ಅಂದರೆ ಸ್ನಾಯುವಿನ ಕಡೆ, ಗ್ರಾಹಕಗಳು ಕಿಕ್ಕಿರಿದು ನಿಂತಿರುತ್ತವೆ. ಒಂದು ಮೈಕ್ರೋಮೀಟರ್ ಉದ್ದ, ಅಷ್ಟೇ ಅಗಲದ ಚೌಕದಲ್ಲಿ ಸುಮಾರು ಹತ್ತು ಸಾವಿರ. ಪ್ರತಿಯೊಂದೂ ಐದು ಪ್ರೋಟೀನು ತುಂಡುಗಳು ದುಂಡಗೆ ಕೂಡಿ ಆದ ಬಾಗಿಲು. ಐದರಲ್ಲಿ ಎರಡು ಆಲ್ಫಾ, ಉಳಿದವು ಬೀಟಾ, ಡೆಲ್ಟಾ, ಎಪ್ಸಿಲಾನ್. ಅಸಿಟೈಲ್‌ಕೋಲಿನ್ ಬಂದು ಕೂತರೆ ಬಾಗಿಲು ಸುಮಾರು ಒಂದು ಮಿಲಿಸೆಕೆಂಡ್ ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಸ್ನಾಯು ಸೆಳೆದುಕೊಳ್ಳುತ್ತದೆ. ಬಳಿಕ ಸಂದಿನಲ್ಲೇ ಕಾದಿರುವ ಒಂದು ಕಿಣ್ವ ಅಸಿಟೈಲ್‌ಕೋಲಿನ್ನನ್ನು ತುಂಡರಿಸಿ ಜಾಗ ಖಾಲಿ ಮಾಡುತ್ತದೆ. ನಾನು ಈಗ ಒಂದು ಅಕ್ಷರ ಉಚ್ಚರಿಸುವಷ್ಟರಲ್ಲಿ ಇದು ನನ್ನ ನಾಲಿಗೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ನಡೆದುಹೋಗಿರುತ್ತದೆ.

ದೊಡ್ಡಮ್ಮನಿಗೆ ಕೊಟ್ಟ ಮದ್ದಿನ ಹಿಂದೆ ಒಬ್ಬ ಮಹಿಳೆ ಇದ್ದಾರೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಸೇಂಟ್ ಆಲ್ಫೇಜ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಮೇರಿ ವಾಕರ್. ದಕ್ಷಿಣ ಅಮೆರಿಕದ ಬಾಣದ ವಿಷ ಕ್ಯುರಾರೆ ತಗಲಿದವರೂ ಮಯಸ್ತೇನಿಯಾ ರೋಗಿಗಳೂ ಒಂದೇ ಬಗೆಯಲ್ಲಿ ಸೋಲುತ್ತಾರೆ ಎಂಬುದು ಆಕೆಯ ಗಮನಕ್ಕೆ ಬಂತು. ಹಾಗಾದರೆ ಕ್ಯುರಾರೆಗೆ ಕೊಡುವ ಪ್ರತಿಮದ್ದು ಇವರಿಗೂ ನಾಟಬೇಕಲ್ಲ ಎಂದು ಫೈಸೊಸ್ಟಿಗ್ಮಿನ್ ಕೊಟ್ಟು ನೋಡಿದರು. ರೆಪ್ಪೆ ಎದ್ದಿತು. ಮುಂದಿನ ವರ್ಷ ನಿಯೋಸ್ಟಿಗ್ಮಿನ್ ಬಳಸಿದರು. ನರದ ತುದಿಯಿಂದ ಸ್ನಾಯುವಿಗೆ ಹೋಗುವುದು ಅಸಿಟೈಲ್‌ಕೋಲಿನ್ ಎಂದು ಹೆನ್ರಿ ಡೇಲ್ ಮತ್ತು ಸಂಗಡಿಗರು ತೋರಿಸಿದ್ದು ಅದಕ್ಕೂ ಈಚೆಗೆ, 1936ರಲ್ಲಿ. ಒಂದು ಸೋಲು ಇನ್ನೊಂದು ಸೋಲಿನಂತೆ ಕಾಣುತ್ತದೆ ಎಂಬ ಹೋಲಿಕೆಯಿಂದಲೇ ವಾಕರ್ ಮದ್ದನ್ನು ತಲುಪಿದರು. ಈ ಹೋಲಿಕೆಯನ್ನು ನೆನಪಿಡಿ, ಮುಂದೆ ಮೊಲಗಳ ವಿಷಯದಲ್ಲಿ ಮತ್ತೆ ಬರುತ್ತದೆ.

ಮದ್ದು ಸಿಕ್ಕಿತು, ಆದರೆ ಕಾಯಿಲೆ ಏನೆಂದು ಗೊತ್ತಾಗಲಿಲ್ಲ. ಸ್ನಾಯುವಿನ ಕಡೆ ಏನೋ ಕೆಟ್ಟಿದೆಯೆಂದರೆ ಆ ‘ಏನೋ’ವನ್ನು ಕೈಯಲ್ಲಿ ಹಿಡಿಯಬೇಕು. ಅದನ್ನು ಹಿಡಿದುಕೊಟ್ಟದ್ದು ಒಂದು ಹಾವು. ತೈವಾನಿನಲ್ಲಿ ಸಿ. ಸಿ. ಚಾಂಗ್ ಮತ್ತು ಸಿ. ವೈ. ಲೀ 1963ರಲ್ಲಿ ಅಲ್ಲಿನ ಪಟ್ಟೆ ಹಾವೊಂದರ ವಿಷವನ್ನು ಬೇರ್ಪಡಿಸಿದರು. ನಮ್ಮ ಹಳ್ಳಿಗಳಲ್ಲಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟು ಹಾವಿನ ಹತ್ತಿರದ ಸಂಬಂಧಿ ಅದು. ಕಟ್ಟು ಹಾವು ಕಚ್ಚಿದವರಲ್ಲೂ ಮೊದಲು ಇಳಿಯುವುದು ರೆಪ್ಪೆ. ಬೇರ್ಪಟ್ಟ ವಿಷಗಳಲ್ಲಿ ಒಂದರ ಹೆಸರು ಆಲ್ಫಾ ಬಂಗಾರೋಟಾಕ್ಸಿನ್, 74 ಅಮೈನೋ ಆಮ್ಲಗಳ ಒಂದು ಪುಟ್ಟ ಸರ. ಆ ಹೆಸರಿನಲ್ಲಿ ಕೇಳಿಸುವುದು ನಮ್ಮದೇ ಬಂಗಾರ. ಹದಿನೆಂಟನೆಯ ಶತಮಾನದ ಕೊನೆಗೆ ಕೋರಮಂಡಲ ತೀರದ ಹಾವುಗಳನ್ನು ದಾಖಲಿಸಿದ ಪ್ಯಾಟ್ರಿಕ್ ರಸೆಲ್, ಹಳದಿ ಪಟ್ಟೆಯ ಹಾವಿಗೆ ತೆಲುಗರು ಹೇಳುತ್ತಿದ್ದ ‘ಬಂಗಾರು ಪಾಮು’ ಎಂಬ ಹೆಸರನ್ನು ಬರೆದಿಟ್ಟರು. ಅದೇ ಲ್ಯಾಟಿನ್ನಿಗೆ ಹೋಗಿ ಬಂಗಾರಸ್ ಎಂಬ ಕುಲವಾಯಿತು, ಅಲ್ಲಿಂದ ವಿಷದ ಹೆಸರಾಯಿತು. ಜಗತ್ತಿನ ಯಾವ ಮೂಲೆಯ ನರವಿಜ್ಞಾನದ ಪ್ರಯೋಗಾಲಯಕ್ಕೆ ಹೋದರೂ ನಮ್ಮ ಈ ಪದ ಒಂದು ಸೀಸೆಯ ಮೇಲೆ ಇರುತ್ತದೆ. ನನಗೆ ಅದನ್ನು ಓದುವಾಗಲೆಲ್ಲ ಸಂತೋಷವಾಗುತ್ತದೆ.

ಈ ವಿಷದ ಗುಣವೇನೆಂದರೆ, ಗ್ರಾಹಕದ ಆಲ್ಫಾ ತುಂಡಿನಲ್ಲಿ ಅಸಿಟೈಲ್‌ಕೋಲಿನ್ ಕೂರುವ ಜಾಗಕ್ಕೇ ಹೋಗಿ ಕೂರುತ್ತದೆ, ಕೂತರೆ ಸುಲಭಕ್ಕೆ ಏಳುವುದಿಲ್ಲ. ಅದಕ್ಕೆ ವಿಕಿರಣಶೀಲ ಅಯೋಡಿನ್ ಹಚ್ಚಿಬಿಟ್ಟರೆ ಗ್ರಾಹಕ ಎಲ್ಲಿದೆ, ಎಷ್ಟಿದೆ ಎಂದು ಎಣಿಸಬಹುದು. ಗ್ರಾಹಕ ಹೇರಳವಾಗಿ ಬೇಕಾದವರು ವಿದ್ಯುತ್ ಮೀನುಗಳ ಹತ್ತಿರ ಹೋದರು. ದಕ್ಷಿಣ ಅಮೆರಿಕದ ನದಿಗಳ ವಿದ್ಯುತ್ ಹಾವುಮೀನು ಒಂದು. ಟಾರ್ಪೀಡೋ ಎಂಬ ಸಮುದ್ರದ ಚಪ್ಪಟೆ ಮೀನು ಇನ್ನೊಂದು, ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ದೂರದ ಬಳಗ. ಶಾಕ್ ಹೊಡೆಯುವ ಅವುಗಳ ಅಂಗವೆಂದರೆ ರೂಪ ಬದಲಿಸಿದ ಸ್ನಾಯುವೇ, ಅದರ ತುಂಬ ಇದೇ ಗ್ರಾಹಕ. ಪ್ಯಾರಿಸ್ಸಿನ ಜಾನ್ ಪಿಯರ್ ಶಾಂಜೊ 1970ರ ಸುಮಾರಿಗೆ ಹಾವುಮೀನಿನ ಅಂಗದಿಂದ ಅದನ್ನು ಬಂಗಾರದ ವಿಷದ ಗುರುತಿನಿಂದಲೇ ಪತ್ತೆಮಾಡಿದರು.

ಈಗ ಮೊಲಗಳಿಗೆ ಬರೋಣ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಎಂಬ ಇಬ್ಬರಿಗೆ ಬೇಕಾಗಿದ್ದು ಕಾಯಿಲೆಯ ಉತ್ತರವಲ್ಲ, ಒಂದು ಉಪಕರಣ. ಗ್ರಾಹಕವನ್ನು ಹಿಡಿಯುವ ಪ್ರತಿಕಾಯ ಬೇಕಿತ್ತು. ಅದನ್ನು ಪಡೆಯುವ ವಿಧಾನ ಹಳೆಯದು: ಹಾವುಮೀನಿನ ಗ್ರಾಹಕವನ್ನು ಶುದ್ಧೀಕರಿಸಿ ಮೊಲಕ್ಕೆ ಚುಚ್ಚುವುದು. ಮೊಲದ ರಕ್ಷಣಾ ವ್ಯವಸ್ಥೆ ಅದನ್ನು ಪರಕೀಯವೆಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ, ರಕ್ತ ತೆಗೆದು ಸೀರಂ ಬೇರ್ಪಡಿಸಿದರೆ ಆಯಿತು. ಪ್ರತಿಕಾಯ ಬಂತು, ಅದರ ಜೊತೆಗೆ ಇನ್ನೊಂದು ಸಂಗತಿಯೂ ಬಂತು. ಮೊಲಗಳು ಕುಸಿದವು. ಕುತ್ತಿಗೆ ನಿಲ್ಲಲಿಲ್ಲ, ಕಾಲು ನಿಲ್ಲಲಿಲ್ಲ, ಉಸಿರಾಟ ಸೋತಿತು. ನೋಡಿದರೆ ಕ್ಯುರಾರೆ ತಗಲಿದಂತೆ. ನಿಯೋಸ್ಟಿಗ್ಮಿನ್ ಕೊಟ್ಟಾಗ ಸ್ವಲ್ಪ ಹೊತ್ತು ಎದ್ದವು. ವಾಕರ್ ನಲವತ್ತು ವರ್ಷದ ಹಿಂದೆ ಕಂಡಿದ್ದ ಅದೇ ಹೋಲಿಕೆ. ಮೀನಿನ ಪ್ರೋಟೀನಿನ ವಿರುದ್ಧ ಎದ್ದ ಪ್ರತಿಕಾಯಗಳು ಮೊಲದ ತನ್ನದೇ ಗ್ರಾಹಕವನ್ನೂ ಹಿಡಿದಿದ್ದವು. 1973ರಲ್ಲಿ ಇದು ಪ್ರಕಟವಾಯಿತು.

ಉಪಕರಣ ಮಾಡಲು ಹೊರಟವರಿಗೆ ರೋಗದ ಕಾರಣ ಸಿಕ್ಕಿದ ಘಟನೆ ಇದು. ಆ ಕುಸಿದ ಮೊಲಗಳನ್ನು ‘ಪ್ರಯೋಗ ಕೆಟ್ಟಿತು’ ಎಂದು ಪಕ್ಕಕ್ಕೆ ಸರಿಸದೆ ನಿಂತು ನೋಡಿದ್ದಾರಲ್ಲ, ಆ ನೋಟದ ಬಗ್ಗೆ ನನಗೆ ಅಪಾರ ಗೌರವವಿದೆ.

ಆಮೇಲೆ ಎಲ್ಲ ಬೇಗ ಬೇಗ ಕೂಡಿಕೊಂಡಿತು. ಮಯಸ್ತೇನಿಯಾ ತನ್ನ ಮೇಲೆ ತಾನೇ ಎರಗುವ ಪ್ರತಿಕಾಯದ ಕಾಯಿಲೆ ಇರಬಹುದೆಂದು ಸ್ಕಾಟ್ಲೆಂಡಿನ ಜಾನ್ ಸಿಂಪ್ಸನ್ 1960ರಲ್ಲೇ ಊಹಿಸಿದ್ದರು. ಅದೇ 1973ರಲ್ಲಿ ಬಾಲ್ಟಿಮೋರಿನಲ್ಲಿ ಫ್ಯಾಂಬ್ರೋ, ಡ್ರಾಖ್ಮನ್ ಮತ್ತು ಸತ್ಯಮೂರ್ತಿ ರೋಗಿಗಳ ಸ್ನಾಯುವಿನ ತುಣುಕಿಗೆ ವಿಕಿರಣಶೀಲ ಬಂಗಾರೋಟಾಕ್ಸಿನ್ ಹಾಕಿ ಎಣಿಸಿದರು. ಇರಬೇಕಾದ ಗ್ರಾಹಕಗಳಲ್ಲಿ ಉಳಿದದ್ದು ನೂರಕ್ಕೆ 11ರಿಂದ 30 ಮಾತ್ರ. 1975ರಲ್ಲಿ ರೋಗಿಗಳ ರಕ್ತದ ಪ್ರತಿಕಾಯಗಳನ್ನು ಸುಂಡಿಲಿಗೆ ಕೊಟ್ಟಾಗ ಸುಂಡಿಲಿಯಲ್ಲೂ ಅದೇ ಲಕ್ಷಣ ಕಂಡಿತು. 1976ರಲ್ಲಿ ಲಿಂಡ್‌ಸ್ಟ್ರಾಮ್ ಮತ್ತು ಸಂಗಡಿಗರು ರಕ್ತಪರೀಕ್ಷೆ ರೂಪಿಸಿದರು. ಮನುಷ್ಯ ಸ್ನಾಯುವಿನಿಂದ ಗ್ರಾಹಕ ತೆಗೆದು, ಅದಕ್ಕೆ ವಿಕಿರಣಶೀಲ ಬಂಗಾರೋಟಾಕ್ಸಿನ್ ಅಂಟಿಸಿ, ರೋಗಿಯ ಸೀರಂ ಸೇರಿಸಿ, ಪ್ರತಿಕಾಯ ಗ್ರಾಹಕವನ್ನು ಹಿಡಿದಿದೆಯೇ ಎಂದು ಅಳೆಯುವುದು. ಇಡೀ ಮೈಗೆ ಹರಡಿದ ಮಯಸ್ತೇನಿಯಾದಲ್ಲಿ ನೂರಕ್ಕೆ ಸುಮಾರು 85 ಮಂದಿಯ ರಕ್ತದಲ್ಲಿ ಈ ಪ್ರತಿಕಾಯ ಇರುತ್ತದೆ.

ಆದರೆ ಮೊಲದ ಸೀರಂ ಒಂದು ಸಂತೆ. ಅದರಲ್ಲಿ ಗ್ರಾಹಕದ ತಲೆ ಹಿಡಿಯುವ ಪ್ರತಿಕಾಯವೂ ಉಂಟು, ಬುಡ ಹಿಡಿಯುವುದೂ ಉಂಟು, ಗ್ರಾಹಕಕ್ಕೆ ಸಂಬಂಧವೇ ಇಲ್ಲದವು ಲೆಕ್ಕವಿಲ್ಲದಷ್ಟು. ಮೊಲ ಸತ್ತರೆ ಆ ಸೀರಂ ಮತ್ತೆ ಸಿಗುವುದಿಲ್ಲ. 1975ರಲ್ಲಿ ಕೇಂಬ್ರಿಜ್‌ನ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ದಾರಿ ತೋರಿಸಿದರು. ಒಂದು ಪ್ರತಿಕಾಯ ಕೋಶವನ್ನು ಸಾಯದೆ ವಿಭಜಿಸುತ್ತಲೇ ಇರುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರೆ, ಆ ಜೋಡಿಯ ಸಂತತಿಯೆಲ್ಲ ಒಂದೇ ಪ್ರತಿಕಾಯವನ್ನು ವರ್ಷಾನುಗಟ್ಟಲೆ ಮಾಡುತ್ತದೆ. ಇದೇ ಹೈಬ್ರಿಡೋಮಾ. ಗ್ರೀಸಿನಿಂದ ಬಂದಿದ್ದ ಸಾಕ್ರಟಿಸ್ ಜಾರ್ಟೋಸ್ ಲಿಂಡ್‌ಸ್ಟ್ರಾಮ್ ಜೊತೆ ಈ ವಿಧಾನವನ್ನು ಗ್ರಾಹಕಕ್ಕೆ ಅನ್ವಯಿಸಿದರು. ಹಾವುಮೀನಿನ ಗ್ರಾಹಕ ಚುಚ್ಚಿಸಿಕೊಂಡ ಇಲಿಯ ಗುಲ್ಮದ ಕೋಶಗಳನ್ನು ಸುಂಡಿಲಿಯ ಕ್ಯಾನ್ಸರ್ ಕೋಶಗಳಿಗೆ ಬೆಸೆದು ಹತ್ತಾರು ಸಂತತಿಗಳನ್ನು ಪಡೆದು ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಮೂವತ್ತೈದು ಎಂಬ ಸಂಖ್ಯೆ ಹೊತ್ತದ್ದೇ ಇವತ್ತಿನ ನಮ್ಮ ಸೀಸೆ.

ಆ ಪ್ರತಿಕಾಯಗಳನ್ನು ಒಂದರ ಎದುರು ಒಂದು ಸ್ಪರ್ಧೆಗೆ ಬಿಟ್ಟಾಗ ತಿಳಿದದ್ದೇನೆಂದರೆ, ಅರ್ಧಕ್ಕಿಂತ ಹೆಚ್ಚಿನವು ಆಲ್ಫಾ ತುಂಡಿನ ನೆತ್ತಿಯ ಒಂದೇ ಸಣ್ಣ ಪ್ರದೇಶವನ್ನು ಹಿಡಿಯುತ್ತವೆ. ರೋಗಿಗಳ ಪ್ರತಿಕಾಯಗಳಲ್ಲೂ ಹೆಚ್ಚಿನ ಪಾಲು ಅಲ್ಲೇ. ಮೂವತ್ತೈದೂ ಅಲ್ಲೇ. ಹಾಗಾಗಿ ಈ ಸೀಸೆಯಲ್ಲಿರುವುದು ಉಪಕರಣವೂ ಹೌದು, ಕಾಯಿಲೆಯೂ ಹೌದು. ಸ್ನಾಯುವಿನ ತೆಳು ಸೀಳಿನ ಮೇಲೆ ಹಾಕಿದರೆ ನರ ಸ್ನಾಯುವನ್ನು ಕೂಡುವ ಸಂಧಿ ಎಲ್ಲಿದೆ ಎಂದು ತೋರಿಸುತ್ತದೆ. ಇಲಿಗೆ ಚುಚ್ಚಿದರೆ ಇಲಿ ನಮ್ಮ ದೊಡ್ಡಮ್ಮನ ಹಾಗೆ ಸೋಲುತ್ತದೆ. ಮೊದಲ ಸಲ ಅದನ್ನು ಪಿಪೆಟ್ಟಿನಲ್ಲಿ ಎಳೆದುಕೊಂಡ ದಿನ ನನ್ನ ಕೈ ಒಂದು ಕ್ಷಣ ನಿಂತಿತ್ತು.

ಇದು ಆಕಾರವನ್ನು ಗುರುತಿಸುವ ಪ್ರತಿಕಾಯ. ಬಾಳೆಲೆಯ ದೊನ್ನೆಯನ್ನು ನೆನೆಸಿಕೊಳ್ಳಿ. ಕಡ್ಡಿ ಚುಚ್ಚಿ ಮಡಿಸಿದಾಗ ಅದು ದೊನ್ನೆ, ಕಡ್ಡಿ ಕಿತ್ತರೆ ಬರೀ ಎಲೆ. ಪ್ರೋಟೀನೂ ಹಾಗೆಯೇ ಮಡಿಕೆಯಿಂದ ನಿಂತ ವಸ್ತು. ಮೂವತ್ತೈದು ಹಿಡಿಯುವುದು ದೊನ್ನೆಯನ್ನು, ಎಲೆಯನ್ನಲ್ಲ. ಪ್ರೋಟೀನನ್ನು ಮಾರ್ಜಕದಲ್ಲಿ ಕುದಿಸಿ ಬಿಚ್ಚಿ ಪೊರೆಯ ಮೇಲೆ ಇಳಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಅಲ್ಲಿಗೆ ಬಿಚ್ಚಿದ ಎಳೆಯನ್ನು ಗುರುತಿಸುವ ಬೇರೆ ಪ್ರತಿಕಾಯ ಬೇಕು. ಇನ್ನೊಂದು ವಿಷಯವಿದೆ. ಆಲ್ಫಾ ತುಂಡುಗಳದು ದೊಡ್ಡ ಕುಟುಂಬ. ಸ್ನಾಯುವಿನಲ್ಲಿರುವುದು ಆಲ್ಫಾ 1. ನರಗಂಟುಗಳಲ್ಲಿ ಆಲ್ಫಾ 3, ಆಲ್ಫಾ 5 ಇರುತ್ತವೆ, ಮೂವತ್ತೈದು ಅವನ್ನೂ ಹಿಡಿಯಬಲ್ಲದು. ಸ್ನಾಯುವಿನ ಸೀಳಿನಲ್ಲಿ ನೋಡುವವರಿಗೆ ಇದರಿಂದ ತೊಂದರೆಯಿಲ್ಲ, ನರಗಂಟನ್ನು ನೋಡುತ್ತ ‘ಸ್ನಾಯುವಿನ ಗ್ರಾಹಕ ಇಲ್ಲೂ ಇದೆ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಇಷ್ಟೆಲ್ಲ ನಮಗೆ ಗೊತ್ತಿರುವುದು, ಹತ್ತಾರು ಪ್ರಯೋಗಾಲಯಗಳು ನಲವತ್ತಕ್ಕೂ ಹೆಚ್ಚು ವರ್ಷ ಒಂದೇ ಸಂತತಿಯ ಪ್ರತಿಕಾಯವನ್ನು ಬಳಸಿ ಅದರ ಗುಣದೋಷ ಎರಡನ್ನೂ ಬರೆದಿಟ್ಟದ್ದರಿಂದ. ಆ ಹೈಬ್ರಿಡೋಮಾ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಹೈಬ್ರಿಡೋಮಾ ಬ್ಯಾಂಕಿನಲ್ಲಿದೆ. ಯಾವ ದೇಶದ ಸಂಶೋಧಕರಾದರೂ ಅಲ್ಲಿಂದ ಕಡಿಮೆ ಬೆಲೆಗೆ ತರಿಸಿಕೊಳ್ಳಬಹುದು.

ಎಲ್ಲ ಸೀಸೆಗಳೂ ಹೀಗಿಲ್ಲ. ನನ್ನದೇ ಒಂದು ಅನುಭವ ಹೇಳುತ್ತೇನೆ. ನರಸ್ನಾಯು ಸಂಧಿಯಲ್ಲಿ ಮಸ್ಕ್ ಎಂಬ ಇನ್ನೊಂದು ಗ್ರಾಹಕ ಪ್ರೋಟೀನು ಇದೆ. ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನೆಲ್ಲ ಕರೆದು ಒಂದೇ ಕಡೆ ಗುಂಪಾಗಿ ನಿಲ್ಲಿಸುವ ಕೆಲಸ ಅದರದು. ಅದಕ್ಕೆ ಮೊಲದಲ್ಲಿ ಬೆಳೆಸಿದ ಪ್ರತಿಕಾಯವೊಂದನ್ನು ನಾವು ಕ್ಯಾಟಲಾಗ್ ನೋಡಿ ತರಿಸಿದೆವು. ಮೊದಲ ಸೀಸೆ ಅದ್ಭುತವಾಗಿತ್ತು. ಹಸಿರು ಬಣ್ಣದಲ್ಲಿ ಪ್ರತಿಕಾಯ, ಕೆಂಪು ಬಣ್ಣದಲ್ಲಿ ಬಂಗಾರೋಟಾಕ್ಸಿನ್. ಎರಡೂ ಒಂದರ ಮೇಲೊಂದು ಕೂತು ಸಂಧಿಗಳು ಹಳದಿಯಾಗಿ ಮಿಂಚುತ್ತಿದ್ದವು. ಸೀಸೆ ಮುಗಿಯಿತು, ಅದೇ ಕ್ಯಾಟಲಾಗ್ ನಂಬರಿನ ಎರಡನೆಯದು ಬಂತು. ಲಾಟ್ ನಂಬರ್ ಮಾತ್ರ ಬೇರೆ. ಆ ವರ್ಷ ನನ್ನ ವಿದ್ಯಾರ್ಥಿನಿ ರೋಗಗ್ರಸ್ತ ಸ್ನಾಯುವನ್ನು ನೋಡುತ್ತಿದ್ದಳು. ಹಸಿರು ಸಂಧಿಯಿಂದ ಆಚೆಗೂ ಇಡೀ ಸ್ನಾಯುತಂತುವಿನ ಮೇಲೆ ಹರಡಿತ್ತು. ಕಾಯಿಲೆಯಲ್ಲಿ ಮಸ್ಕ್ ತನ್ನ ಜಾಗ ಬಿಟ್ಟು ಚೆದುರುತ್ತದೆ ಎಂಬ ಸುಂದರ ವಿವರಣೆ ನಮಗೆ ಹೊಳೆಯಿತು. ಐದು ತಿಂಗಳು ಅದರ ಮೇಲೆ ಕೆಲಸ ಮಾಡಿದೆವು. ಒಂದು ಲೇಖನದ ಕರಡೂ ಸಿದ್ಧವಾಯಿತು.

ಅನುಮಾನ ಬಂದದ್ದು ಅವಳಿಗೆ, ನನಗಲ್ಲ. ‘ಸರ್, ಆರೋಗ್ಯವಂತ ಸ್ನಾಯುವನ್ನು ನಾವು ನೋಡಿದ್ದು ಹಳೆಯ ಸೀಸೆಯಲ್ಲಿ’ ಎಂದಳು. ಸ್ನಾಯುವೇ ಅಲ್ಲದ, ಸಾಕಿ ಬೆಳೆಸಿದ ಕೋಶಗಳನ್ನು ತೆಗೆದುಕೊಂಡು, ಒಂದು ತಟ್ಟೆಗೆ ಮಸ್ಕ್ ಜೀನನ್ನು ಹಾಕಿದಳು, ಇನ್ನೊಂದಕ್ಕೆ ಹಾಕಲಿಲ್ಲ. ಹೊಸ ಸೀಸೆಯ ಪ್ರತಿಕಾಯವನ್ನು ಎರಡಕ್ಕೂ ಬಿಟ್ಟಳು. ಎರಡೂ ತಟ್ಟೆ ಒಂದೇ ಸಮನೆ ಹಸಿರಾದವು. ಜೀನ್ ಇಲ್ಲದ ಕೋಶದಲ್ಲೂ ‘ಇದೆ’ ಎನ್ನುತ್ತಿದ್ದ ಪ್ರತಿಕಾಯ ಅದು. ಮಾರಿದ ಸಂಸ್ಥೆಗೆ ಬರೆದೆವು. ಬದಲಿ ಸೀಸೆ ಕಳಿಸಿದರು, ಮೊಲ ಬದಲಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಕರಡನ್ನು ಕೈಬಿಟ್ಟೆವು. ಅವಳ ಪಿಎಚ್‌ಡಿ ಒಂದು ವರ್ಷ ತಡವಾಯಿತು. ಮೇಲ್ವಿಚಾರಕನಾಗಿ ಆ ಎರಡು ತಟ್ಟೆಗಳನ್ನು ಮೊದಲ ವಾರವೇ ಕೇಳಬೇಕಿದ್ದವನು ನಾನು.

ನಮಗಾದದ್ದು ನಮ್ಮೊಬ್ಬರಿಗೇ ಆದದ್ದಲ್ಲ. ಇದೇ ಕುಟುಂಬದ ಆಲ್ಫಾ 7 ಎಂಬ ಗ್ರಾಹಕ ಮಿದುಳಿನಲ್ಲಿದೆ. ಅದರ ಮೇಲೆ ಪ್ರತಿಕಾಯ ಬಳಸಿ ಬರೆದ ಲೇಖನಗಳು ಎಷ್ಟೋ. ಆಲ್ಫಾ 7 ಜೀನನ್ನೇ ತೆಗೆದುಹಾಕಿದ ಸುಂಡಿಲಿಗಳು ಬಂದ ಮೇಲೆ ಹಲವು ತಂಡಗಳು ಆ ಪ್ರತಿಕಾಯಗಳನ್ನು ಅವುಗಳ ಮಿದುಳಿನ ಮೇಲೆ ಹಾಕಿ ನೋಡಿದವು. 2004ರಲ್ಲೂ 2007ರಲ್ಲೂ ಬಂದ ವರದಿಗಳು ಹೇಳಿದ್ದು ಒಂದೇ: ಗ್ರಾಹಕ ಇಲ್ಲದ ಮಿದುಳಿನಲ್ಲೂ ಅದೇ ಬಣ್ಣ, ಅದೇ ಜಾಗದಲ್ಲಿ. ಬಣ್ಣ ಚೆನ್ನಾಗಿ ಬರುತ್ತಿತ್ತು, ಚಿತ್ರ ಸುಂದರವಾಗಿ ಮುದ್ರಣವಾಗುತ್ತಿತ್ತು, ಆದರೆ ಅದು ಯಾರ ಬಣ್ಣ ಎಂಬುದು ಮಾತ್ರ ಗೊತ್ತಿರಲಿಲ್ಲ. 2015ರಲ್ಲಿ ಆಂಡ್ರ್ಯೂ ಬ್ರಾಡ್‌ಬರಿ ಮತ್ತು ಆಂಡ್ರಿಯಾಸ್ ಪ್ಲುಕ್‌ತುನ್ ನೂರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿಯೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಕರೆ ಕೊಟ್ಟರು. ಸಂಶೋಧನಾ ಪ್ರತಿಕಾಯಗಳನ್ನು ಅವುಗಳ ಜೀನಿನ ಅಕ್ಷರಸಾಲಿನಿಂದಲೇ ಗುರುತಿಸಿ, ಆ ಸಾಲಿನಿಂದಲೇ ತಯಾರಿಸಬೇಕು ಎಂಬುದು ಅವರ ವಾದ. ನನಗೆ ಆ ವಾದ ಪೂರ್ತಿ ಒಪ್ಪಿಗೆ. ಅಕ್ಷರಸಾಲು ಬರೆದಿಟ್ಟರೆ ಮೊಲ ಸತ್ತರೂ ಫ್ರೀಜರು ಕೆಟ್ಟರೂ ಅದೇ ಪ್ರತಿಕಾಯವನ್ನು ಮತ್ತೆ ಮಾಡಬಹುದು.

ಹಾಗೆಂದು ಅಕ್ಷರಸಾಲು ಗೊತ್ತಿದ್ದರೆ ಸಾಕೆಂದು ತಿಳಿಯಬೇಡಿ. ಪ್ರತಿಕಾಯ ಇರುವ ಕಡೆ ‘ಇದೆ’ ಎನ್ನುವುದು ಅರ್ಧ ಪರೀಕ್ಷೆ. ಇಲ್ಲದ ಕಡೆ ‘ಇಲ್ಲ’ ಎನ್ನುತ್ತದೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಅಂಗಾಂಶದಲ್ಲಿ, ತಮ್ಮ ವಿಧಾನದಲ್ಲಿ, ತಮ್ಮ ಕೈಯಾರೆ ನೋಡಬೇಕು. ನಮ್ಮ ಕಡೆಯ ಪ್ರಯೋಗಾಲಯಗಳ ಕಷ್ಟ ನನಗೆ ಗೊತ್ತು. ಒಂದು ಸೀಸೆಗೆ ಹತ್ತಾರು ಸಾವಿರ ರೂಪಾಯಿ. ಇಂಡೆಂಟು, ಕೊಟೇಷನ್ನು, ಅನುಮತಿ ಮುಗಿದು ಸೀಸೆ ಬರುವಷ್ಟರಲ್ಲಿ ತಿಂಗಳುಗಳು. ದಾರಿಯಲ್ಲಿ ಡ್ರೈ ಐಸ್ ಆವಿಯಾಗಿಹೋಗಿರಬಹುದು. ಬಂದ ಮೇಲೆ ಒಂದೊಂದು ಮೈಕ್ರೋಲೀಟರನ್ನೂ ಜೋಪಾನ ಮಾಡಬೇಕು. ಆಗ ಮೊದಲು ಬಿಟ್ಟುಹೋಗುವುದು ಕಂಟ್ರೋಲ್ ಸ್ಲೈಡು, ಏನೂ ಕಾಣಬಾರದ ಸ್ಲೈಡಿಗೆ ಇಷ್ಟು ದುಬಾರಿ ಹನಿ ಯಾಕೆ ಎಂದು. ಇಲ್ಲಿ ಕೂತಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಕೈಮುಗಿದು ಕೇಳುತ್ತೇನೆ: ಮೊದಲ ಹನಿಯನ್ನು ಆ ಸ್ಲೈಡಿಗೇ ಹಾಕಿ. ಕ್ಯಾಟಲಾಗ್ ನಂಬರಿನ ಜೊತೆ ಲಾಟ್ ನಂಬರನ್ನೂ, ಎಷ್ಟು ಪಟ್ಟು ತೆಳು ಮಾಡಿದಿರಿ ಎಂಬುದನ್ನೂ ಪ್ರಬಂಧದಲ್ಲಿ ಬರೆಯಿರಿ. ಕಪ್ಪು ಸ್ಲೈಡಿನ ಚಿತ್ರವನ್ನೂ ಅಚ್ಚು ಹಾಕಿಸಿ.

ಇದು ಪ್ರಯೋಗಾಲಯದ ಶಿಸ್ತಷ್ಟೇ ಅಲ್ಲ, ರೋಗಿಯ ವಿಷಯವೂ ಹೌದು. ಅಸಿಟೈಲ್‌ಕೋಲಿನ್ ಗ್ರಾಹಕದ ಪ್ರತಿಕಾಯ ಸಿಗದ ಮಯಸ್ತೇನಿಯಾ ರೋಗಿಗಳಲ್ಲಿ ಕೆಲವರಿಗೆ ಮಸ್ಕ್ ವಿರುದ್ಧ ಪ್ರತಿಕಾಯ ಇರುತ್ತದೆಂದು 2001ರಲ್ಲಿ ಆಕ್ಸ್‌ಫರ್ಡಿನ ಆಂಜೆಲಾ ವಿನ್ಸೆಂಟ್ ಮತ್ತು ಸಂಗಡಿಗರು ತೋರಿಸಿದರು. ಹತ್ತು ವರ್ಷದ ಬಳಿಕ ಎಲ್‌ಆರ್‌ಪಿ4 ಎಂಬ ಪ್ರೋಟೀನಿನ ವಿರುದ್ಧ ಇನ್ನೊಂದು ಸಿಕ್ಕಿತು. ಯಾವ ಪ್ರತಿಕಾಯ ಎಂಬುದರ ಮೇಲೆ ಚಿಕಿತ್ಸೆಯೂ ಬದಲಾಗುತ್ತದೆ. ಮಸ್ಕ್ ರೋಗಿಗಳಲ್ಲಿ ಹಲವರಿಗೆ ನಮ್ಮ ದೊಡ್ಡಮ್ಮನಿಗೆ ಕೊಟ್ಟಂಥ ಮದ್ದು ಅಷ್ಟಾಗಿ ಒಗ್ಗುವುದಿಲ್ಲ. ಈ ಪ್ರತಿಕಾಯಗಳನ್ನು ರೋಗಿಯ ರಕ್ತದಲ್ಲಿ ಹುಡುಕಲು ಇವತ್ತು ಬಳಸುವ ಒಂದು ಮುಖ್ಯ ವಿಧಾನ ಏನೆಂದರೆ, ಜೀನ್ ಹಾಕಿದ ಕೋಶಗಳ ಪಕ್ಕದಲ್ಲಿ ಜೀನ್ ಹಾಕದ ಕೋಶಗಳನ್ನಿಟ್ಟು ಎರಡಕ್ಕೂ ರೋಗಿಯ ಸೀರಂ ಬಿಡುವುದು. ನನ್ನ ವಿದ್ಯಾರ್ಥಿನಿಯ ಅದೇ ಎರಡು ತಟ್ಟೆ.

ಕೊನೆಗೆ ಒಂದು ಹರಳಿನ ಬಗ್ಗೆ. 2017ರಲ್ಲಿ ಲಾಸ್ ಏಂಜಲೀಸಿನ ಒಂದು ತಂಡ ಮೂವತ್ತೈದನೆಯ ಪ್ರತಿಕಾಯದ ಒಂದು ತೋಳನ್ನು ಮನುಷ್ಯನ ಆಲ್ಫಾ 1 ತುಂಡಿಗೆ ಕೂಡಿಸಿ ಹರಳುಗಟ್ಟಿಸಿ, ಕ್ಷಕಿರಣದಿಂದ ಪರಮಾಣುಗಳ ಮಟ್ಟದಲ್ಲಿ ನೋಡಿತು. ತುಂಡು ಅಲುಗಾಡದೆ ನಿಲ್ಲಲೆಂದು ಬಂಗಾರೋಟಾಕ್ಸಿನ್ನನ್ನೂ ಸೇರಿಸಿದ್ದರು. ಹೀಗೆ ಒಂದೇ ಹರಳಿನಲ್ಲಿ ಹಾವಿನ ವಿಷ, ಹಾವುಮೀನಿನಿಂದ ಪಾಠ ಕಲಿತ ಇಲಿಯ ಪ್ರತಿಕಾಯ, ಮನುಷ್ಯನ ಪ್ರೋಟೀನು ಮೂರೂ ಕೂತಿವೆ. ವಿಷ ಪಕ್ಕದಲ್ಲಿ, ಅಸಿಟೈಲ್‌ಕೋಲಿನ್ ಕೂರುವ ತಾವಿನಲ್ಲಿ. ಪ್ರತಿಕಾಯ ನೆತ್ತಿಯ ಮೇಲೆ. ಒಂದಕ್ಕೊಂದು ಅಡ್ಡಿಯಿಲ್ಲ. 1976ರ ರಕ್ತಪರೀಕ್ಷೆ ಯಾಕೆ ನಡೆಯಿತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ: ವಿಷ ಅಂಟಿದ್ದರೂ ಪ್ರತಿಕಾಯಕ್ಕೆ ಜಾಗ ಉಳಿದಿತ್ತು. ಇನ್ನೊಂದೂ ಕಾಣುತ್ತದೆ. ಈ ಪ್ರತಿಕಾಯ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ತನ್ನ ಎರಡು ತೋಳುಗಳಿಂದ ಎರಡು ಗ್ರಾಹಕಗಳನ್ನು ಜೋಡಿಸಿ ಹಿಡಿಯುತ್ತದೆ, ಹಾಗೆ ಜೋಡಿಬಿದ್ದವನ್ನು ಸ್ನಾಯು ಒಳಗೆಳೆದುಕೊಂಡು ಕರಗಿಸುತ್ತದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಕರೆದು ಪೊರೆಯೇ ಹರಿಯುವಂತೆ ಮಾಡುತ್ತದೆ. ಬಾಗಿಲು ಮುಚ್ಚುವುದಿಲ್ಲ, ಕಿತ್ತುಹೋಗುತ್ತದೆ.

ದೊಡ್ಡಮ್ಮ ಆಮೇಲೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಪಿರಿಡೊಸ್ಟಿಗ್ಮಿನ್. ಅದನ್ನು ಅವರು ಅಡಿಕೆಕತ್ತರಿಯಿಂದ ಎರಡು ಮಾಡಿ ಎಲೆಯಡಿಕೆ ಡಬ್ಬಿಯ ಸುಣ್ಣದ ಖಾನೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ರಾತ್ರಿ ಊಟಕ್ಕೆ ಎಲೆ ಹಾಕುವ ಅರ್ಧ ಗಂಟೆ ಮುಂಚೆ ಒಂದು ಅರ್ಧ ನುಂಗುತ್ತಿದ್ದರು. ಅದು ಹೋದ ಬಾಗಿಲುಗಳನ್ನು ತಂದುಕೊಡುವ ಮದ್ದಲ್ಲ. ಅಸಿಟೈಲ್‌ಕೋಲಿನ್ನನ್ನು ತುಂಡರಿಸುವ ಕಿಣ್ವವನ್ನು ಸ್ವಲ್ಪ ಹೊತ್ತು ತಡೆದು, ಉಳಿದಿರುವ ಬಾಗಿಲುಗಳನ್ನು ಮತ್ತೆ ಮತ್ತೆ ತಟ್ಟಲು ಬಿಡುವ ಮದ್ದು. ಅಷ್ಟರಲ್ಲಿ ಅವರು ಗಲ್ಲಕ್ಕೆ ಕೈ ಕೊಡದೆ ಊಟ ಮುಗಿಸುತ್ತಿದ್ದರು.